ಹಗಲು ದೀಪ

ಮೊದಲ ಸಲ ಶೋರೂಮಿಗೆ ಹೋದಾಗ
ನಲವತ್ತೊಂಬತ್ತು ಸಾವಿರ ಇತ್ತು.
ನನ್ನ ಚೀಟಿ ಇನ್ನೂ ಏಳು ತಿಂಗಳು ದೂರ.
ಸೀಟಿನ ಪ್ಲಾಸ್ಟಿಕ್ ಹಾಳಿ ಸವರಿ
'ಊರಿಗೆ ಹೋಗಿ ತಿಳಸ್ತೀವಿ' ಅಂದು ಬಂದೆ,
ಹೆಣ್ಣು ನೋಡಿ ಅವಲಕ್ಕಿ ತಿಂದು ಎದ್ದವರ ಹಂಗ.

ಚೀಟಿ ಎತ್ತಿ ಮತ್ತ ಹೋದೆ.
ಅಷ್ಟರಾಗ ದೀಪದ ಸ್ವಿಚ್ಚು ಮಾಯ.
'ಹೊಸ ಕಾಯ್ದೆ, ಅಕ್ಕಾ' ಅಂದ ತಾಯಪ್ಪ,
'ಬಂಡಿ ಶುರು ಆದ್ರ ದೀಪನೂ ಶುರು. ಆರಸಾಕ ಬರಂಗಿಲ್ಲ.'
ರಾಯಚೂರು ಬಿಸಲಾಗ?
'ಅದರಾಗೂ.'
ಒಂದು ಸ್ವಿಚ್ಚು ಕಿತ್ತಿದ್ದಕ್ಕ
ಬೆಲಿ ಇಳೀಬೇಕಲ್ಲೇನೋ ತಮ್ಮಾ ಅಂದೆ.
ಐದು ಸಾವಿರ ಏರಿತ್ತು.

ರೊಕ್ಕ ಮನ್ಯಾಗ ಎಲ್ಲಿ ಕುಂದರತದ?
ತಂಗಿ ಹೆರಿಗಿ, ಬೋರಿನ ಮೋಟಾರು,
ಒಂದಿಷ್ಟು ಸುಮ್ಮನ ಸೋರಿತು.

ಮುಂದಿನ ಸಲ ಬ್ರೇಕು ಬದಲಾಗಿತ್ತು.
'ಎಡಗೈ ಹಿಡದ್ರ ಮುಂದಿನ ಗಾಲಿಗೂ ತಿಳೀತದ,
ಎರಡೂ ಕೂಡಿ ನಿಲ್ತಾವ.'
ನಮ್ಮ ಮನ್ಯಾಗ ಎಡಗೈ ಹಿಡಿದಿದ್ದು
ಬಲಗೈಗೆ ಎಂದೂ ತಿಳಿದಿಲ್ಲ.
ಅದಕ್ಕ ಎಂಟು ಸಾವಿರ ಹೆಚ್ಚು ಅನಿಸಲಿಲ್ಲ ನನಗ.
ಆದರ ಎಂಟು ಸಾವಿರ ಇರಲಿಲ್ಲ.

ಆಮ್ಯಾಲೆ ಹೊಗಿ.
'ನಾಕು ಮುಗೀತು, ಇನ್ನ ಆರು' ಅಂದ.
ಐದು ಎಲ್ಲಿ ಹೋಯಿತೋ?
'ಹಾರಸ್ಯಾರ.'
ನನ್ನ ತಮ್ಮನ್ನ ಒಂದನೇತ್ತೆಯಿಂದ ಮೂರನೇತ್ತೆಗೆ
ಹಾರಸಿದ್ರು ಮಾಸ್ತರು;
ಇವತ್ತಿಗೂ ಅವನಿಗೆ ಎರಡರ ಮಗ್ಗಿ ಬರಂಗಿಲ್ಲ.
'ನಾಕರ ಬಂಡಿ ಒಂದು ಉಳದದ, ಹತ್ತು ಸಾವಿರ ಕಮ್ಮಿ.
ಮಾರ್ಚ್ ಮೂವತ್ತೊಂದರ ಒಳಗ ನಂಬರ್ ಬೀಳಬೇಕು, ಲಗೂನ ಬರ್ರಿ.'
ರೊಟ್ಟಿ ಬಟ್ಟಿಯಾಗ ರೊಕ್ಕ ಕಟಗೊಂಡು ಹೋದೆ.
ಶಟರು ಇಳದಿತ್ತು. ಊರಿಗೂರೇ ಇಳದಿತ್ತು.
ಹಾಸ್ಟೆಲು ಮುಚ್ಚಿ, ಮೆಸ್ಸು ಮುಚ್ಚಿ,
ಆ ವರ್ಷ ನಾವು ಸ್ಕೂಟರನ್ನ
ದಿನಾ ಸ್ವಲ್ಪ ಸ್ವಲ್ಪ ಉಂಡಿವಿ:
ಇವತ್ತು ಕನ್ನಡಿ, ನಾಳಿಗೆ ಸ್ಟ್ಯಾಂಡು.

ಮೌಲಾಸಾಬ ಕಾರ್ಬೊರೇಟರಿನ ಸೂಜಿ ತೋರಿಸಿ ಹೇಳಿದ,
'ಇದನ್ನ ಊದಿ ಊದಿ ಮೂರು ಮಕ್ಕಳನ್ನ ಓದಿಸೀನಿ.
ಈಗಿನವು ಊದಿದ್ರ ಕೇಳಂಗಿಲ್ಲ,
ಕಂಪ್ಯೂಟರ್ ಹಚ್ಚಬೇಕಂತ.'
ಊದೋದು ನನಗೂ ಗೊತ್ತು.
ಇಪ್ಪತ್ತಾರು ವರ್ಷ ಜಾಲಿ ಕಟಗಿ ಒಲಿ ಊದೀನಿ;
ನನ್ನ ಎದಿಯಾಗ ಪೈಪು ಇಟ್ಟು
ಎಷ್ಟು ಹೊಗಿ ಅದ ಅಂತ
ಯಾರೂ ಚೀಟಿ ಬರದು ಕೊಟ್ಟಿಲ್ಲ.

ಹೋದ ವರ್ಷ ತಂದೆ.
'ಮುಂದ ಮತ್ತೊಂದು ಬ್ರೇಕಿನ ಕಾಯ್ದೆ ಬರ್ತದಂತ' ಅಂದ
ತಾಯಪ್ಪ. ಅವನ ಮೀಸಿಯೂ ನೆರತಿತ್ತು.
ಲಕ್ಷಕ್ಕ ಆರು ನೂರು ಕಮ್ಮಿ, ಎರಡು ಹೆಲ್ಮೆಟ್ ಸೇರಿ.
ಎರಡನೇದು ಯಾರಿಗೆ?
ರೊಟ್ಟಿ ಡಬ್ಬಿಗೆ ಹಾಕಿ ಬೆಲ್ಟು ಬಿಗಿದೆ.
ರೊಟ್ಟಿ ಮುರಿಯೋದು ನಿಂತದ.

ತೀನ್ ಕಂದೀಲಿನಾಗ ನಾನು ನಾಕನೇ ಕಂದೀಲು.
ಇಷ್ಟು ವರ್ಷ ಆದ್ರೂ ಮಂದಿ
ಐದು ಬೆರಳು ಅರಳಿಸಿ ಮುಚ್ಚಿ, ಅರಳಿಸಿ ಮುಚ್ಚಿ
'ದೀಪ, ಅಕ್ಕಾ, ದೀಪ!'
ಆಟೋದವ, ಬಾಳೆಹಣ್ಣಿನಾಕಿ, ಒಮ್ಮೆ ಪೊಲೀಸನೂ.
ಮೊದಮೊದಲು ಬಂಡಿ ನಿಲ್ಲಿಸಿ ಕಾಯ್ದೆ ಹೇಳ್ತಿದ್ದೆ.

ಮೊನ್ನೆ ಶಕ್ತಿನಗರದ ದಾರ್ಯಾಗ
ಬೂದಿ ಟ್ಯಾಂಕರ್ ಒಂದು ದಾಟಿ ಹೋತು.
ಹಗಲು ಹನ್ನೆರಡಕ್ಕ ಬೆಳ್ಳಗಿನ ಕತ್ತಲಿ.
ನನ್ನ ಕೈ ನನಗ ಕಾಣಲಿಲ್ಲ. ಎಡಗೈ ಹಿಡದೆ.
ಎರಡೂ ಗಾಲಿ ನಿಂತವು.

ಬೂದಿ ಇಳಿದಾಗ, ಎರಡು ಮಾರು ಆಚೆ
ಒಂದು ಲಾರಿ
ರಸ್ತಿ ಬಿಟ್ಟು ಜಾಲಿಗೆ ವಾಲಿ ನಿಂತಿತ್ತು.
ಡ್ರೈವರ್ ಹುಡುಗ, ರೆಪ್ಪಿ ತನಕ ಬೂದಿ,
ಕಿಟಕಿಯಿಂದ ಕೈ ಚಾಚಿ
ಬೆರಳು ಅರಳಿಸಿದ, ಮುಚ್ಚಿದ, ಅರಳಿಸಿದ.

ಗೊತ್ತದ ಅಂದೆ.
ಡಬ್ಬಿಯ ಹೆಲ್ಮೆಟ್ ಬಿಚ್ಚಿ
ಎರಡು ರೊಟ್ಟಿ ಕೊಟ್ಟೆ ಅವನಿಗೆ.
ಒಂದು ಮುರಿದಿತ್ತು.