ಮುಲ್ಕಿಯಲ್ಲಿ ಎರಡು ನಿಮಿಷ

ಹಳದಿ ಹಲಗೆಯ ಮೇಲೆ ಮೂರು ಲಿಪಿಯಲ್ಲಿ ಮೂರು ಊರು,
ಒಂದೂ ನಮ್ಮ ಬೊಳ್ಳೆಟ್ಟಲ್ಲ.
ನಾವು ತಿದ್ದಲು ಹೋಗಲಿಲ್ಲ. ರೈಲು ಓದುವುದಿಲ್ಲ, ನಿಲ್ಲುತ್ತದೆ.

ಕಮಿಷನ್ನಿಗೆ ಟಿಕೇಟು ಹರಿಯುತ್ತಿದ್ದ ಉಗ್ಗಪ್ಪಣ್ಣ
ಮೊಣಕಾಲು ನೋವೆಂದು ಬಿಟ್ಟ ಮೇಲೆ
ಆ ಸ್ಟೂಲಿಗೆ ಯಾರೂ ಬರಲಿಲ್ಲ.
ಕಿಂಡಿಯಲ್ಲೀಗ ಮುಜಂಟಿ ಜೇನು;
ಸಾಲು ತಪ್ಪದೆ ಹೋಗಿಬರುತ್ತದೆ.

ಪ್ಲಾಟ್‌ಫಾರ್ಮು ನೆಲಕ್ಕಿಂತ ಒಂದು ಗೇಣು ಎತ್ತರ, ಅಷ್ಟೇ.
ಒಣಮೀನಿನ ಬುಟ್ಟಿ ಮೊದಲು ಹತ್ತಬೇಕು, ಆಮೇಲೆ ಜಲಜಕ್ಕ.
ಒಳಗಿನಿಂದ ಒಂದು ಕೈ, ಹೊರಗಿನಿಂದ ಒಂದು ಹೆಗಲು.
ಯಾರ ಕೈ, ಯಾರ ಹೆಗಲು ಎಂದು ಆ ಹೊತ್ತಿಗೆ ಯಾರೂ ಕೇಳುವುದಿಲ್ಲ.
ಸಂಜೆ ಪೇಟೆಯಲ್ಲಿ ಕೇಳುವವರಿದ್ದಾರೆ,
ಅದು ಬೇರೆ ಮಾತು.

ಟಿಕೇಟು ಸಿಗುವುದು ಮುಲ್ಕಿಯಲ್ಲಿ. ರೈಲು ಅಲ್ಲಿ ಎರಡು ನಿಮಿಷ.
ಕಾಲು ಉದ್ದವೆಂದು ಶಬೀರನಿಗೆ ಆ ಕೆಲಸ.
ಎಲ್ಲರ ದುಡ್ಡು ಒಂದು ಟಿಫಿನ್ನಿನ ಮುಚ್ಚಳದಲ್ಲಿ;
ಇಳಿದು ಓಡಿ, "ಸೆಂಟ್ರಲ್, ಹದಿನೇಳು!"
ಮತ್ತೆ ಓಡಿ, ಚಲಿಸುವ ಬಾಗಿಲಿಗೆ.

ಆ ಸೋಮವಾರ ಅಲ್ಲಿ ಹೊಸಬರು ಕೂತಿದ್ದರು, ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತು.
ಹದಿನಾರು ಜನ ರೈಲಿನಲ್ಲಿ,
ಹದಿನೇಳು ಜನರ ಟಿಕೇಟು ಹಿಂದೆ,
ಎತ್ತಿದ ಒಂದು ಕೈಯಲ್ಲಿ.

ಸುರತ್ಕಲ್ ದಾಟಿದ ಮೇಲೆ ಕಪ್ಪು ಕೋಟು ಬಂತು.
ಫೆಲ್ಸಿ ಬಾಯಿ ಮಲ್ಲಿಗೆಯ ಮೇಲಿನ ಬಾಳೆಲೆ ಸರಿಪಡಿಸಿ,
"ಟಿಕೇಟು ಉಂಟು ಸಾರ್. ಅದು ಹಿಂದಿನ ರೈಲಿಗೆ ಬರ್ತದೆ."
ಕಪ್ಪು ಕೋಟು ನಗಲಿಲ್ಲ, ಪುಸ್ತಕ ತೆಗೆಯಿತು.
ಇನ್ನೂರೈವತ್ತೆಂದರೆ ಗಿರಿಜಾಳಿಗೆ ಸಾವಿರ ಬೀಡಿ.

ನನ್ನ ಚೀಲದಲ್ಲಿ ಆ ತಿಂಗಳಷ್ಟೇ ಮಾಡಿಸಿದ ಸೀಸನ್ ಪಾಸು.
ಜವಳಿ ಅಂಗಡಿಯ ಸಂಬಳ, ಕೊಂಚ ಜಂಭ.
ತೋರಿಸಿದೆ.
ಕಿಟಕಿಯ ಹೊರಗೆ ನೋಡಿದೆ, ಸೆಂಟ್ರಲ್ ಬರುವವರೆಗೂ.
ಯಾರೂ ಏನೂ ಅನ್ನಲಿಲ್ಲ. ಇಳಿಯುವಾಗ ಜಲಜಕ್ಕನ ಬುಟ್ಟಿಗೆ
ಕೈ ಕೊಡಲು ಹೋದೆ, ಆಗಲೇ ಬೇರೆ ಕೈ ಬಂದಿತ್ತು.

ಸಂಜೆ ಹಾಲ್ಟಿನಲ್ಲಿ ಶಬೀರ ನಿಂತಿದ್ದ,
ಬೆವರಿಗೆ ಮೆತ್ತಗಾದ ಟಿಕೇಟು ಹಿಡಿದು, ತಪ್ಪು ಮಾಡಿದವನ ಹಾಗೆ.
"ಇಡು ಮಾರಾಯ, ನಾಳೆಗೆ ಆಗ್ತದಾ ನೋಡುವ,"
ಎಂದರು ದಂಡ ಕಟ್ಟಿದವರೇ.

ಮರುದಿನ ಮುಚ್ಚಳ ಸೀಟಿನಿಂದ ಸೀಟಿಗೆ ಬಂತು,
ನನ್ನ ಮುಂದೆ ನಿಲ್ಲದೆ ದಾಟಿತು.
ತಡೆದು ಹಿಡಿದೆ, ದುಡ್ಡು ಹಾಕಿದೆ.
ಶಬೀರ ನನ್ನನ್ನು ನೋಡಿದ, ಪಾಸಿನ ಚೀಲ ನೋಡಿದ.
ಮುಲ್ಕಿ ಬಂತು.
ಅವನು ಹಾರಿ ಇಳಿದು ಕೂಗಿದ್ದು ಕೇಳಿಸಿತು,
"ಸೆಂಟ್ರಲ್, ಹದಿನೆಂಟು!"