ಅಕ್ಷರಕ್ಕೆ ಇಷ್ಟೆಂದು

ಅಕ್ಷರಕ್ಕೆ ಆರು ಸೂ. ಮೇಯರು ಐದಕ್ಕೆ ಇಳಿಸಲು ನೋಡಿದರು.
ಗ್ರಾನೈಟು ಸ್ವಾಮಿ, ಬೆಣ್ಣೆಯಲ್ಲ, ಅಂದೆ.
ಕೊನೆಗೆ ಐದೂವರೆ.
ಕಂಬದ ನೆತ್ತಿಗೊಂದು ಹಿತ್ತಾಳೆಯ ಹುಂಜ ಬೇಕಂತೆ,
ಪ್ಯಾರಿಸ್ಸಿನ ಕ್ಯಾಟಲಾಗು ನೋಡಿ ತರಿಸಿದರು;
ಅದಕ್ಕೆ ಯಾರೂ ಚೌಕಾಸಿ ಮಾಡಲಿಲ್ಲ.

ಮೂವತ್ತೊಂದು ಹೆಸರು.
ಸೇಂ ಪಾರ್ದುವಿನಲ್ಲಿ ಒಲೆ ಹೊತ್ತುವುದು ತೊಂಬತ್ತು ಮನೆಗಳಲ್ಲಿ.

ಬೂರ್ದೆ ಅಣ್ಣತಮ್ಮಂದಿರು ಮೂವರು.
ಮೊದಲನೆಯವನಿಗೆ ಅಳತೆ ಹಾಕಿ, ಗೆರೆ ಎಳೆದು,
ಉಸಿರು ಹಿಡಿದು ಕೊರೆದೆ;
ಮೂರನೆಯವನ ಹೊತ್ತಿಗೆ ಮನೆತನದ ಹೆಸರು
ಕೈಗೆ ಬಾಯಿಪಾಠ.
ಅದಕ್ಕೆ ನಾಚಿ ಉಳಿ ಕೆಳಗಿಟ್ಟು
ಅಂಗಳದಲ್ಲಿ ಸುಮ್ಮನೆ ನಿಂತಿದ್ದೆ ಸ್ವಲ್ಪ ಹೊತ್ತು.

ಸಿಲ್ವೆಂ ನನ್ನ ಹತ್ತಿರ ಕೆಲಸ ಕಲಿತ ಹುಡುಗ.
ತನ್ನದೇ ಹೆಸರಿನ ಮೊದಲ ಅಕ್ಷರದ ಬಳುಕು
ಅವನಿಗೆ ಎಂದೂ ಒಲಿಯಲಿಲ್ಲ.
ಅವನು ಕೊರೆಯುತ್ತಿದ್ದ ಹಾಗೇ ಸೊಟ್ಟಗೆ ಬಿಟ್ಟಿದ್ದೇನೆ.
ಹುಡುಕಿದರೆ ಕಾಣುತ್ತದೆ.

ಎಲಾಲಿ ಬಂದದ್ದು ಕತ್ತಲಾದ ಮೇಲೆ,
ಮಡಿಲ ಬಟ್ಟೆಯಲ್ಲಿ ಆರು ಮೊಟ್ಟೆ.
ಅವಳ ಮಗ ಸಾಲ್ಮೆ ಸತ್ತದ್ದೂ ಗುಂಡಿಗೇ,
ಆ ಕಡೆಯ ಗುಂಡಿಗಲ್ಲ.
ಬೆಳಗಿನ ಜಾವ, ಕಂಬಕ್ಕೆ ಕಟ್ಟಿ, ನಮ್ಮವರೇ ಹನ್ನೆರಡು ಮಂದಿ.
ಕಂದಕದಿಂದ ಏಳು ಎಂದಾಗ ಎದ್ದಿರಲಿಲ್ಲವಂತೆ.
ಹತ್ತೊಂಬತ್ತು ವರ್ಷ. ಮನೆಯಲ್ಲೂ ಅವನನ್ನು
ಎಬ್ಬಿಸುವುದು ಕಷ್ಟವಿತ್ತು, ಅಂದಳು.
ಪೂರ್ತಿ ಹೆಸರು ಬೇಡ, ಒಂದು ಚುಕ್ಕೆ ಹಾಕು.
ಚುಕ್ಕೆಗೆಷ್ಟು?

ಚುಕ್ಕೆಗೆ ದರವಿಲ್ಲ, ಅಂದೆ.
ಮೊಟ್ಟೆ ವಾಪಸು ಕೊಟ್ಟೆ. ಬಾಗಿಲು ಹಾಕಿಕೊಂಡೆ.

ಅಕ್ಷರ ಅಂದರೆ ಅಳಿಯದ್ದು ಅನ್ನುತ್ತಾರೆ ಬಲ್ಲವರು.
ಸುಳ್ಳು. ನನ್ನಪ್ಪ ಕೊರೆದ ಗೋರಿಗಳನ್ನು
ಈಗ ಪಾಚಿ ಓದುತ್ತದೆ, ಬೆರಳಿಟ್ಟು, ನಿಧಾನ.

ಮಾರನೆಯ ದಿನ
ಇಂಬೇರನಿಗೂ ಲಾಕೋತನಿಗೂ ನಡುವೆ
ವರಸೆಯಲ್ಲಿ ಜಾರಿಜೋನ್ ಬರಬೇಕಿದ್ದ ಕಡೆ
ಒಂದು ಸಾಲಿನಷ್ಟು ಜಾಗ ನುಣ್ಣಗೆ ಉಜ್ಜಿ ಬಿಟ್ಟೆ.
ಮೇಯರು ಬಂದು ಕೇಳಿದರು.
ಕಲ್ಲಲ್ಲಿ ನರವಿತ್ತು, ಉಳಿ ಇಟ್ಟರೆ ಬಿರಿಯುತ್ತಿತ್ತು, ಅಂದೆ.
ಅವರಿಗೆ ಕಲ್ಲು ಗೊತ್ತಿಲ್ಲ.

ನವೆಂಬರ್ ಹನ್ನೊಂದು. ಚಳಿ ನನಗಿಂತ ಚೆನ್ನಾಗಿ ಕೊರೆಯುತ್ತಿತ್ತು.
ಮೇಯರು ಕಲ್ಲು ನೋಡಿಕೊಂಡು ಒಂದೊಂದೇ ಹೆಸರು ಕೂಗುವುದು,
ಶಾಲೆಯ ಮಕ್ಕಳು ಸಾಲಾಗಿ ನಿಂತು
‘ಫ್ರಾನ್ಸಿಗಾಗಿ ಮಡಿದ’ ಅನ್ನುವುದು.
ಟೀಚರು ಹದಿನೈದು ದಿನ ತಿದ್ದಿದ್ದರು.
ಇಂಬೇರ್ ಒಗ್ಯುಸ್ತ್.
ಫ್ರಾನ್ಸಿಗಾಗಿ ಮಡಿದ.
ಅಲ್ಲಿ ಮೇಯರ ಕಣ್ಣು ಖಾಲಿ ಸಾಲಿಗೆ ಜಾರಿತು.
ಕೆಮ್ಮು ಬಂತೋ, ತಡವರಿಸಿದರೋ,
ಒಂದು ಹೆಸರಿನಷ್ಟು ಹೊತ್ತು ಸದ್ದಿಲ್ಲ.
ಮಕ್ಕಳು ಲೆಕ್ಕ ತಪ್ಪಲಿಲ್ಲ:
‘ಫ್ರಾನ್ಸಿಗಾಗಿ ಮಡಿದ!’

ಯಾರೂ ತಿದ್ದಲಿಲ್ಲ.
ಟೋಪಿ ತೆಗೆದವರು ತೆಗೆದೇ ಇದ್ದರು.
ಎಲಾಲಿ ಹಿಂದೆಲ್ಲೋ, ಬಾವಿಕಟ್ಟೆಯ ಹತ್ತಿರ;
ನಾನು ತಿರುಗಿ ನೋಡಲಿಲ್ಲ.
ಲಾಕೋತ್ ಮಾರ್ಸಿಯಾಲ್, ಅಂತ ಮೇಯರು ಮುಂದುವರಿದರು,
ದನಿ ಸ್ವಲ್ಪ ಏರಿಸಿ.

ಬಿಲ್ಲಿನಲ್ಲಿ ಆ ಸಾಲು ಸೇರಿಸಲಿಲ್ಲ.
ಶನಿವಾರ ಹೊಸಿಲ ಮೇಲೆ
ಹುಲ್ಲು ಹಾಸಿದ ಬುಟ್ಟಿ, ಆರು ಮೊಟ್ಟೆ,
ಒಂದು ಒಡೆದಿತ್ತು.
ಈ ಸಲ ಇಟ್ಟುಕೊಂಡೆ.