ಳ

ಪಟ್ಟಿಯೊಳಗ ಬರದಾರ: ಸಿಪಾಯಿ ಬಾಲಪ್ಪ ಕೊಲವಿ,
ಎಪ್ಪತ್ತೊಂದರ ಡಿಸೆಂಬರದಿಂದ ಪತ್ತೆ ಇಲ್ಲ.
ಆಚೀ ಸರಕಾರದ ಉತ್ತರಾನೂ ಬಂತು:
ಈ ಹೆಸರಿನಾಂವ ನಮ್ಮ ಜೇಲಿನ್ಯಾಗ ಇಲ್ಲ.

ಇರಾಂಗಿಲ್ಲ ಬಿಡ್ರಿ.
ಬಾಲಪ್ಪ ಅನ್ನಾಂವ ನಮ್ಮ ಮನ್ಯಾಗೂ ಇರಲಿಲ್ಲ.

ನಮ್ಮಣ್ಣ ಬಾಳಪ್ಪ. ನೇಸರಗಿ ಸಾಲ್ಯಾಗ
ಮಾಸ್ತರ ಆ ಅಕ್ಷರ ತಿದ್ದಿಸಿದಾಗ
ಪಾಟಿ ಮ್ಯಾಲೆ ತಿರುವಿ ತಿರುವಿ
ಬಳಪ ಮುರದಾಂವ.

ಅರ್ಜಿ ಟೈಪ್ ಮಾಡೂ ಜಾಧವ ಕಾಕಾ,
ಬೆಳಗಾವಿ ಕಚೇರಿ ಮುಂದ, ಹುಣಸೀಗಿಡದ ಬುಡಕ,
ಅವರ ಮರಾಠ್ಯಾಗೂ ಐತಂತ ಅದು.
ಮಿರಜ ದಾಟೂತನಕ ನಡೀತೈತಿ ತಂಗೀ, ಅಂದರು,
ದಿಲ್ಲಿ ಕಾಗದದ ನಾಲಿಗಿ ಮಡಚೂದಿಲ್ಲ.

ಹನ್ನೊಂದು ಸಲ ದಿಲ್ಲಿಗೆ ಹೋದಿವಿ, ಫೋಟೋ ಹಿಡಕೊಂಡು.
ಮೊದಲ ಸಲ ರಸ್ತೆ ತುಂಬಿತ್ತು,
ಕಡೀ ಸಲ ಮೂರಽ ಮನಿಯವರು.
ಬಠಿಂಡಾದ ಮುದುಕಿ ಒಬ್ಬಾಕಿ
ತನ್ನ ಮಗನ ಫೋಟೋ ನಮ್ಮಣ್ಣನ ಬಾಜೂ ಇಟ್ಟು
ಹೆಸರೇನಂತ ಕೇಳಿದಳು.
ಹೇಳಿದೆ.
ಆಕಿ ನಾಲಿಗಿ ಮ್ಯಾಲೆ ಮಡಚಿ
ತಿರುಗಿ ಅಂದಳು: ಬಾಳಪ್ಪ.
ಅಗದೀ ಸರಿ!
ನಮ್ಮ ಮಾತಿನ್ಯಾಗೂ ಐತಿ, ಅಂದಳು,
ಗಡಿ ಆಚೀಕೂ ಇದಽ ಮಾತು.

ಅಂದಮ್ಯಾಲೆ ಸಾಹೇಬರ,
ಜೇಲಿನ ಪಾರೇದವನಿಗೂ ಬರತೈತಿ.
ಮತ್ತೊಂದು ಕಾಗದ ಹಾಕ್ರಿ.
ಪಟ್ಟಿ ಬ್ಯಾಡ, ನಂಬರ ಬ್ಯಾಡ.
ಯಾವನರೆ ಒಬ್ಬಾಂವ ಆ ಕ್ವಾಣಿಗಳ ಮುಂದ ಅಡ್ಡಾಡಿ
ಬಾಯಿಲೆ ಕರೀಲಿ.

ಓ ಅನ್ನದಿದ್ರ
ಆಮ್ಯಾಲೆ ಬರಕೋರಿ, ಇಲ್ಲಂತ.